ಮೂಸಿದರೂ ಮೀಸಲಾದ ಹೂವು

ಪೂಜ್ಯ ಗುರುಪಾದಯ್ಯ ಅಜ್ಜನವರಿಗೆ ಮಠವೆಂದರೆ ಬಾವಿಯ ಪಕ್ಕದ ಒಂದು ಜೋಪಡಿ, ಅದರ ಮುಂದೆ ನಾಲ್ಕು ಸಾಲು ಮಲ್ಲಿಗೆ. ಗಿಡಗಳಿಗೆ ನೀರುಣಿಸುವುದು, ಬಾಳೆನಾರಿನಲ್ಲಿ ಹೂ ಕಟ್ಟುವುದು, ಬಂದವರ ದುಃಖ ಕೇಳುವುದು, ಅವರ ದಿನಚರಿ ಇಷ್ಟೇ. ಆಡುವ ಮಾತು ಬಹಳ ಕಡಿಮೆ.

ಒಂದು ಸಂಜೆ ಅಲ್ಲಿಗೆ ಅತ್ತರಿನ ನೀಲಕಂಠಪ್ಪ ಬಂದ. ಆ ಸೀಮೆಯಲ್ಲಿ ಮೊದಲು ಭಟ್ಟಿ ಹೂಡಿ, ಮಲ್ಲಿಗೆಯ ಘಮವನ್ನು ಗಂಧದೆಣ್ಣೆಗೆ ಇಳಿಸಿದವನು ಅವನೇ. ಬುಟ್ಟಿಯನ್ನು ಮೂಗಿಗೆ ಹಿಡಿದು ಪರೀಕ್ಷಿಸದೆ ಹೂವನ್ನು ತಾಮ್ರದ ಹಂಡೆಗೆ ಸುರಿದವನಲ್ಲ. ಆ ಹದವನ್ನು ಯಾರಿಗೂ ಹೇಳಿಕೊಟ್ಟವನೂ ಅಲ್ಲ. ಮಗಳು ಶಂಕ್ರವ್ವ ಕೇಳಿದಾಗಲೆಲ್ಲ, "ನನ್ನ ಮೂಗು ನಿನಗೆಲ್ಲಿಂದ ಬರಬೇಕು?" ಎಂದು ಬಾಯಿ ಮುಚ್ಚಿಸಿದ್ದ. ಹೆಮ್ಮೆಪಡಲು ಕಾರಣವಿತ್ತು, ನಿಜ. ಹೆಮ್ಮೆ ಮಾತ್ರ ಕಾರಣಕ್ಕಿಂತ ಒಂದು ಕೈ ಹೆಚ್ಚೇ ಇತ್ತು. ಈಗ ಒಂದು ಜ್ವರ ಬಂದು, ಹೋಗುವಾಗ ಆ ಮೂಗಿನ ಶಕ್ತಿಯನ್ನೇ ಕೊಂಡೊಯ್ದಿತ್ತು. ಮನೆಯವರಿಗೂ ತಿಳಿಸದೆ, ಭಟ್ಟಿ ಆರಿಸಿಬಿಡಲು ನಿರ್ಧರಿಸಿ, ಅಜ್ಜನವರ ಪಾದಕ್ಕೊಮ್ಮೆ ಎರಗಿ ಹೋಗೋಣವೆಂದು ಬಂದಿದ್ದ.

ಅಜ್ಜನವರು ಅವನನ್ನು ಬಳಿಗೆ ಕರೆದರು. ಆಗಷ್ಟೇ ಬಿಡಿಸಿದ ಪೂಜೆಯ ಹೂವಿನ ಬುಟ್ಟಿಯನ್ನು ಅವನ ಕೈಗಿತ್ತು, ಕಾಲು ತೊಳೆಯಲು ಬಾವಿಯ ಕಡೆ ಹೋದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನೀಲಕಂಠಪ್ಪನ ಕೈ ತಾನಾಗಿಯೇ ಬುಟ್ಟಿಯನ್ನು ಮೂಗಿನವರೆಗೆ ಎತ್ತಿತು. ಮೂಸಿದ ಹೂ ದೇವರಿಗೆ ಸಲ್ಲದೆಂಬುದು ಮಕ್ಕಳಿಗೂ ಗೊತ್ತು. ಬೆಚ್ಚಿ ಕೈ ಇಳಿಸಿದರೆ ಅಜ್ಜನವರು ಎದುರಿಗೇ ನಿಂತಿದ್ದರು.

"ತಪ್ಪಾತ್ರೀ ಅಜ್ಜಾರ," ಅಂದ ನೀಲಕಂಠಪ್ಪ. "ಹೂವು ಮೂಸಿಬಿಟ್ಟೆ. ಆದರ ವಾಸನಿ ಬರಲಿಲ್ಲರೀ. ಜ್ವರ ಬಂದಾಗಿಂದ ಏನೂ ಬರವಲ್ದು. ನನ್ನ ವಿದ್ಯಾ ಮುಗೀತು." ಅಷ್ಟು ದಿನ ಕಟ್ಟಿಹಿಡಿದ ಅಳು ಆಗ ಒತ್ತರಿಸಿ ಬಂತು.

ಅಜ್ಜನವರು ಬುಟ್ಟಿಯನ್ನು ಮೆಲ್ಲನೆ ತೆಗೆದುಕೊಂಡರು. "ಇವತ್ತ ನಿನ್ನ ಪಾಲು ನೀ ತಗೊಳ್ಳಲಿಲ್ಲಲ್ಲಪ್ಪಾ. ಹಂಗಾರ ಹೂವು ಮೀಸಲ ಅದಾವ."

ಆ ಹೂವನ್ನೇ ಶಿವನಿಗೆ ಏರಿಸಿದರು. ಪೂಜೆ ಮುಗಿದ ಮೇಲೆ ಒಂದು ಬೊಗಸೆ ಪ್ರಸಾದದ ಹೂ ತಂದು ಅವನ ಉಡಿಗೆ ಹಾಕಿದರು. "ಇದನ್ನ ಮಗಳಿಗೆ ಮೂಸಾಕ ಕೊಡು. ಘಮ ನಿನ್ನ ಮೂಗಿನಾಗ ಹುಟ್ಟಿತ್ತೇನು?"

ನೀಲಕಂಠಪ್ಪ ಹೂವನ್ನು ಉಡಿಯಲ್ಲೇ ಕಟ್ಟಿಕೊಂಡು ಮನೆಯ ದಾರಿ ಹಿಡಿದ.

ಆ ಮನೆತನದವರು ವರ್ಷದ ಮೊದಲ ಅತ್ತರನ್ನು ಇಂದಿಗೂ ಮೂಸದೆಯೇ ಅಜ್ಜನವರ ಗದ್ದುಗೆಗೆ ಒಪ್ಪಿಸುತ್ತಾರೆ. ಆದರೆ ಅಜ್ಜನವರ ಕೃಪೆ ಫಲಿಸಿದ್ದು ಮರುದಿನವೇ. ಭಟ್ಟಿಯ ಮುಂದಿನ ತನ್ನ ಮಣೆಯ ಮೇಲೆ ಶಂಕ್ರವ್ವನನ್ನು ಕೂರಿಸಿ, ನೀಲಕಂಠಪ್ಪ ಬದಿಯ ನೆಲದ ಮೇಲೆ ಕುಳಿತು ಉರಿಯ ಹದ, ನೀರಿನ ಹದ ಎಲ್ಲವನ್ನೂ ಬಿಡಿಸಿ ಹೇಳಿದ. ಅತ್ತರು ಇಳಿಯಿತು. ಅವಳು ಒಂದು ಹನಿಯನ್ನು ಮುಂಗೈಗೆ ಸವರಿ ಮೂಸಿ, ಕಣ್ಣು ಮುಚ್ಚಿದಳು. ಜೀವಮಾನದಲ್ಲಿ ಯಾರನ್ನೂ ಕೇಳದಿದ್ದ ಮಾತನ್ನು ಆ ತಂದೆ ಆಗ ಮಗಳನ್ನು ಕೇಳಿದ:

"ಹೆಂಗೈತಿ, ಹೇಳವ್ವಾ."