ಕಡಲಿಗೆ ಬೆನ್ನು ಕೊಟ್ಟ ಮರಗಳು

ಲೋಕ ಇನ್ನೂ ಎಳೆಯದಾಗಿದ್ದ ಕಾಲವದು. ಕಡಲಿಗೆ ಆಗಷ್ಟೇ ಉಪ್ಪು ಹತ್ತಿತ್ತು. ಗಾಳಿಯ ಮಾತೂ ಮರದ ಮಾತೂ ಮನುಷ್ಯರಿಗೆ ತಿಳಿಯುತ್ತಿದ್ದವು. ಕಡಲಂಚಿನ ಗುಡ್ಡಗಳ ಮೇಲೆ ಬೆಳೆದ ಮರಗಳೆಲ್ಲ ಆಗ ಕಂಬದ ಹಾಗೆ ನೆಟ್ಟಗೆ ನಿಂತಿದ್ದವು.

ಬೆಂಕಿ ಹೊತ್ತಿಸುವ ಬಗೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಐದು ಗುಡ್ಡಗಳಾಚೆ ಜಟ್ಟಜ್ಜ ಎಂಬ ಮುದುಕನ ಮನೆಯಲ್ಲಿ ಸಿಡಿಲು ಬಿಟ್ಟು ಹೋದ ಬೆಂಕಿಯೊಂದು ಉರಿಯುತ್ತಿತ್ತು. ಒಲೆ ಆರಿದವರು ಅಲ್ಲಿಗೇ ನಡೆದು ಹೋಗಿ ಕೆಂಡ ತರಬೇಕಿತ್ತು.

ನದಿ ಕಡಲನ್ನು ಸೇರುವಲ್ಲಿ ಒಂದು ಸಣ್ಣ ಕೇರಿ. ಅಲ್ಲಿ ಮಂಕಾಳಿ ಎಂಬ ಹೆಂಗಸಿದ್ದಳು. ತಲೆ ನರೆತಿತ್ತು, ಎಡಮಂಡಿ ನೋಯುತ್ತಿತ್ತು. ಅವಳ ಮಗಳು ಸೋಮಿ ತಿಂಗಳು ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು. ಎರಡು ಅಂಗೈ ಸೇರಿಸಿದರೆ ಅದರಲ್ಲೇ ಮಲಗುವಷ್ಟು ಚಿಕ್ಕದು.

ಕೂಸು ಹುಟ್ಟಿದ ಮರುದಿನ ಬೆಳಗಿನ ಜಾವ ದೊಡ್ಡ ಅಲೆಯೊಂದು ಕೇರಿಯೊಳಗೆ ನುಗ್ಗಿ ಬಂತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಎಲ್ಲ ಮನೆಗಳ ಒಲೆಗಳೂ ಆರಿಹೋದವು.

"ಅಬ್ಬೆ, ಕೂಸಿನ ಕಾಲು ತಣ್ಣಗಿದೆ," ಎಂದಳು ಸೋಮಿ. "ಎದೆಗೆ ಅವುಚಿಕೊಂಡರೂ ಬೆಚ್ಚಗಾಗುತ್ತಿಲ್ಲ. ಅಳುವುದಕ್ಕೂ ಅದಕ್ಕೆ ತ್ರಾಣವಿಲ್ಲ."

ಮಂಕಾಳಿ ಕೂಸಿನ ಪಾದ ಮುಟ್ಟಿ ನೋಡಿದಳು. ಗಂಡಸರೆಲ್ಲ ದೋಣಿ ಹತ್ತಿ ಮೀನಿಗೆ ಹೋಗಿದ್ದರು, ಬರುವುದಕ್ಕೆ ಇನ್ನೂ ಎರಡು ದಿನ. ಗುಡ್ಡದ ಹಾದಿ ಗೊತ್ತಿದ್ದವಳು ಉಳಿದವರಲ್ಲಿ ಅವಳೊಬ್ಬಳೇ.

"ಹೊತ್ತು ಮುಳುಗುವುದರೊಳಗೆ ಕೆಂಡ ತರ್ತೇನೆ," ಎಂದಳು. "ಅಲ್ಲಿವರೆಗೆ ಕೂಸನ್ನು ಎದೆಯಿಂದ ಕೆಳಗಿಳಿಸಬೇಡ ಮಗಳೇ."

ಒಂದು ಮಣ್ಣಿನ ಕುಡಿಕೆ ಹಿಡಿದು ಅವಳು ಹೊರಟಳು. ಗುಡ್ಡ ಹತ್ತಿದಳು, ಗುಡ್ಡ ಇಳಿದಳು. ಒಂದು ಕಡೆ ದಟ್ಟ ಕಾಡು, ಇನ್ನೊಂದು ಕಡೆ ಕಡಿದಾದ ಬಂಡೆ, ಕೆಳಗೆ ಕಡಲು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಬೇರು ಹಿಡಿದು ಎದ್ದಳು. ಮತ್ತೆ ಗುಡ್ಡ ಹತ್ತಿದಳು, ಮತ್ತೆ ಗುಡ್ಡ ಇಳಿದಳು. ನೆತ್ತಿಯ ಮೇಲೆ ಸೂರ್ಯ ಬಂದಾಗ ಜಟ್ಟಜ್ಜನ ಅಂಗಳದಲ್ಲಿ ಕುಸಿದು ಕೂತಳು.

ಜಟ್ಟಜ್ಜ ನೀರು ಕೊಟ್ಟ. ಕುಡಿಕೆಯ ತಳಕ್ಕೆ ಬೂದಿ ಹಾಕಿ, ಅದರ ಮೇಲೆ ಏಳು ಕೆಂಡ ಇಟ್ಟು, ಸುತ್ತ ತೆಂಗಿನ ನಾರು ತುಂಬಿದ.

"ತಂಗಿ, ಇದರ ಬಾಯಿ ಮುಚ್ಚಿದರೆ ಉಸಿರು ಕಟ್ಟಿ ಆರುತ್ತದೆ," ಎಂದ. "ಗಾಳಿಗೆ ಒಡ್ಡಿದರೆ ದಾರಿಯಲ್ಲೇ ಉರಿದು ಬೂದಿಯಾಗುತ್ತದೆ. ಸೆರಗಿನ ಮರೆ ಮಾಡಿಕೊಂಡು ನಡಿ. ಎಲ್ಲೂ ಕೂರಬೇಡ."

ಮಂಕಾಳಿ ಕೂರಲಿಲ್ಲ. ಎರಡು ಗುಡ್ಡ ದಾಟಿದಳು. ಮೂರನೆಯ ಗುಡ್ಡದ ನೆತ್ತಿಗೆ ಬಂದಾಗ ಕಡಲಿನಿಂದ ಪಡುವಣ ಗಾಳಿ ಎದ್ದಿತು. ಸೆರಗನ್ನು ಕಿತ್ತು ಹಾರಿಸಿತು. ಕುಡಿಕೆಯೊಳಗೆ ನಾರು ಭಗ್ಗೆಂದು ಹೊತ್ತಿಕೊಂಡಿತು. ನೋಡನೋಡುತ್ತಲೇ ಒಂದು ಕೆಂಡ ಬೂದಿಯಾಯಿತು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

"ಗಾಳಿಯಪ್ಪಾ, ಒಂದು ಗಳಿಗೆ ನಿಲ್ಲು!" ಎಂದು ಕೂಗಿದಳು. "ಮನೆಯಲ್ಲಿ ಕೂಸಿದೆ. ತಣ್ಣಗಾಗುತ್ತಿದೆ."

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ತಾಯಿ," ಎಂದಿತು ಗಾಳಿ. ಅದರ ದನಿಯಲ್ಲೂ ಸಂಕಟವಿತ್ತು. "ಆದರೆ ನಿಲ್ಲುವುದು ನನಗೆ ಬರುವುದಿಲ್ಲ. ನಿಂತರೆ ನಾನು ಇರುವುದೇ ಇಲ್ಲ."

ಇಷ್ಟು ಹೇಳುವುದರೊಳಗೆ ಅದು ಅವಳನ್ನು ದಾಟಿ ಹೋಗಿ, ಕಡಲ ಕಡೆಯಿಂದ ಮತ್ತೆ ಬಂದಿತ್ತು. ಕುಡಿಕೆಯಲ್ಲಿ ಎರಡೇ ಕೆಂಡ ಉಳಿದಿದ್ದವು.

ಹಾದಿಯ ಪಕ್ಕದಲ್ಲಿ ಒಂದು ಮುದಿ ಸುರಹೊನ್ನೆ ಮರ ನಿಂತಿತ್ತು. ಮಂಕಾಳಿ ಅದರ ಬುಡಕ್ಕೆ ಓಡಿ, ಕುಡಿಕೆಯನ್ನು ಕಾಂಡಕ್ಕೆ ಒತ್ತಿ ಹಿಡಿದಳು.

"ದೊಡ್ಡಮ್ಮಾ, ನನಗಾಗಿ ಸ್ವಲ್ಪ ಬಾಗುತ್ತೀಯಾ?"

ಮರ ಮಾತಾಡಿತು. "ಮಗಳೇ, ಮರ ಬಾಗುವುದು ಮನುಷ್ಯರು ಬಾಗಿದ ಹಾಗಲ್ಲ. ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ."

ಮಂಕಾಳಿಗೆ ಕೇಳಿದ್ದೇ ತಪ್ಪಾಯಿತು ಅನ್ನಿಸಿತು. ಕುಡಿಕೆಯ ಮೇಲೆ ತಾನೇ ಬಾಗಿ, ಮೈಯೆಲ್ಲ ಮರೆ ಮಾಡಿಕೊಂಡು, ಅಂಗೈ ಸುಡುತ್ತಿದ್ದರೂ ಬಿಡದೆ ಎದ್ದು ಹೊರಟಳು.

"ಕೂಸಿಗೆ ಎಷ್ಟು ದಿನ?" ಎಂದು ಹಿಂದಿನಿಂದ ಮರ ಕೇಳಿತು.

"ಎರಡು ದಿನ, ದೊಡ್ಡಮ್ಮಾ."

ಆಗ ಸುರಹೊನ್ನೆ ಕಡಲಿಗೆ ಬೆನ್ನು ಕೊಟ್ಟಿತು. ಅದರ ಬೇರುಗಳು ಕಲ್ಲಿನೊಳಗೆ ಕಿರುಗುಟ್ಟಿದವು. ಒಂದು ದೊಡ್ಡ ಕೊಂಬೆ ಸಿಗಿದು ಕೆಳಗೆ ಬಿತ್ತು. ಆದರೂ ಅದು ಬಾಗಿತು, ಹಾದಿಯ ಮೇಲೆ ಚಪ್ಪರದ ಹಾಗೆ ಬಾಗಿತು. ಅದನ್ನು ನೋಡಿ ಪಕ್ಕದ ಹೊಂಗೆ ಬಾಗಿತು. ಹೊಂಗೆಯನ್ನು ನೋಡಿ ನೇರಳೆ ಬಾಗಿತು. ಒಂದರ ಹಿಂದೆ ಒಂದು, ಗುಡ್ಡದಿಂದ ಗುಡ್ಡಕ್ಕೆ, ಮರಗಳೆಲ್ಲ ಬಾಗುತ್ತಾ ಹೋದವು.

ಮಂಕಾಳಿ ಅವುಗಳ ಕೆಳಗೆ ನಡೆದಳು. ಮೇಲೆ ಗಾಳಿ ಮೊರೆಯುತ್ತಿತ್ತು, ಕೊಂಬೆಗಳು ಮುರಿಯುವ ಸದ್ದು ಕೇಳುತ್ತಿತ್ತು. ಕೆಳಗೆ ಮಾತ್ರ ಒಂದು ಎಲೆಯೂ ಅಲುಗಲಿಲ್ಲ. ಅವಳು ಅಳುತ್ತಲೇ ನಡೆದಳು, ನಿಲ್ಲದೆ ನಡೆದಳು.

ಹೊತ್ತು ಕಡಲಿಗೆ ತಾಗುವಾಗ ಮನೆ ಮುಟ್ಟಿದಳು. ಕುಡಿಕೆಯಲ್ಲಿ ಒಂದೇ ಒಂದು ಕೆಂಡ ಉಳಿದಿತ್ತು. ಅದನ್ನು ಒಲೆಗೆ ಹಾಕಿ, ಮೆಲ್ಲನೆ ಊದಿ ಉರಿ ಎಬ್ಬಿಸಿದಳು. ಬಟ್ಟೆ ಕಾಯಿಸಿ ಕೂಸಿಗೆ ಸುತ್ತಿದರು. ಬಿಚ್ಚಿ, ಮತ್ತೆ ಕಾಯಿಸಿ, ಮತ್ತೆ ಸುತ್ತಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಕೂಸು ಒಮ್ಮೆ ಮುಖ ಕಿವುಚಿ ಅತ್ತಿತು.

"ಅಬ್ಬೆ, ಅತ್ತಿತು!" ಎಂದು ಸೋಮಿಯೂ ಅತ್ತಳು.

ನಲವತ್ತು ದಿನ ಕಳೆದ ಮೇಲೆ ಮಂಕಾಳಿ ಮತ್ತೆ ಗುಡ್ಡ ಹತ್ತಿದಳು. ಮುದಿ ಸುರಹೊನ್ನೆಯ ಕಾಂಡಕ್ಕೆ ಹೆಗಲು ಕೊಟ್ಟು, ಇದ್ದ ಶಕ್ತಿಯನ್ನೆಲ್ಲ ಹಾಕಿ ಮೇಲಕ್ಕೆ ತಳ್ಳಿದಳು. ಮರ ಕದಲಲಿಲ್ಲ. ಮತ್ತೆ ತಳ್ಳಿದಳು.

"ಬಿಡು ಮಗಳೇ," ಎಂದಿತು ಮರ. "ಈ ಹಾದಿಯಲ್ಲಿ ನಾಳೆಯೂ ಯಾರಾದರೂ ಬರುತ್ತಾರೆ."

ಮಂಕಾಳಿ ಸಿಗಿದ ಕೊಂಬೆಯ ಗಾಯಕ್ಕೆ ಹಸಿಮಣ್ಣು ಮೆತ್ತಿದಳು. ಕತ್ತಲಾಗುವ ಮೊದಲು ಎದ್ದು, ಕಾಂಡಕ್ಕೆ ಹಣೆ ಹಚ್ಚಿ, ಮನೆಗೆ ಹೋದಳು.

ಆಮೇಲೆ ಹುಟ್ಟಿದ ಮರಗಳೂ ಹಿರಿಯರನ್ನು ನೋಡಿ ಹಾಗೆಯೇ ಬೆಳೆದವು. ಅದಕ್ಕೇ ಮಗೂ, ನೀನು ಇವತ್ತು ಕಡಲಂಚಿನ ಗುಡ್ಡದ ಮೇಲೆ ಹೋದರೆ, ಮರಗಳೆಲ್ಲ ಕಡಲಿಗೆ ಬೆನ್ನು ಕೊಟ್ಟು ನೆಲದ ಕಡೆಗೇ ಬಾಗಿ ನಿಂತಿರುವುದು ಕಾಣುತ್ತದೆ. ಗಾಳಿ ಎಷ್ಟೇ ಜೋರಾಗಿ ಬೀಸಲಿ, ಅವುಗಳ ಕೆಳಗೆ ನಡೆಯುವಾಗ ನಿನ್ನ ಕೂದಲೂ ಅಲುಗುವುದಿಲ್ಲ.