ಸುಮಾರು ಗುಂಪಿನ ನರಿಮರಿ

ಒಂದು ಕಾಡಿನಲ್ಲಿ ಎಲ್ಲರಿಗೂ ಚೆಂಡಾಟದ ಹುಚ್ಚು ಹಿಡಿದಿತ್ತು. ಹೊಳೆಯಲ್ಲಿ ತೇಲಿಬಂದ ಒಂದು ಫುಟ್‌ಬಾಲ್ ಅದಕ್ಕೆ ಕಾರಣ. ಮೊದಲು ಅದನ್ನು ಮೊಟ್ಟೆಯೆಂದು ತಿಳಿದು ಕಾಡುಕೋಳಿಯೊಂದು ಕಾವು ಕೊಟ್ಟು ಕೂತಿತ್ತಂತೆ. ಮರಿ ಬರಲಿಲ್ಲ, ಆಟ ಬಂತು.

ಆಡುವ ಮರಿಗಳನ್ನು ಮೂರು ಗುಂಪು ಮಾಡಿದರು. ಚೆಂಡು ಹೋದಲ್ಲೆಲ್ಲ ಹಿಂಡಾಗಿ ಓಡಿ, ಒಬ್ಬರ ಮೇಲೊಬ್ಬರು ಬೀಳುವವರದು ಎಳೆಯರ ಗುಂಪು. ಗುರಿಯಿಟ್ಟು ಒದೆಯುವವರದು ಪಂಟರ ಗುಂಪು. ಇನ್ನು ಕೆಲವರಿದ್ದರು. ಅವರಿಗೆ ಒದೆಯಲು ಬರುತ್ತಿತ್ತು, ಆದರೆ ಒದ್ದ ಚೆಂಡು ಎಲ್ಲಿಗೆ ಹೋಗುತ್ತದೆಂದು ಒದ್ದವರಿಗೇ ಗೊತ್ತಿರುತ್ತಿರಲಿಲ್ಲ. ಅವರ ಗುಂಪಿಗೆ ಕಾಡಿನವರು 'ಸುಮಾರು ಗುಂಪು' ಎಂದು ಹೆಸರಿಟ್ಟರು.

ಈ ಸುಮಾರು ಗುಂಪಿನ ಉಸ್ತುವಾರಿ ಮುಳ್ಳುಹಂದಿ ಚೂಪಕ್ಕನ ಪಾಲಿಗೆ ಬಂತು. ಚೂಪಕ್ಕ ಹತ್ತಿರ ಬಂದರೆ ಚೆಂಡು ಢಮಾರ್ ಎನ್ನುವ ಭಯ. ಹಾಗಾಗಿ ಅವಳು ಹುಟ್ಟಿದಾರಭ್ಯ ಚೆಂಡು ಮುಟ್ಟಿದವಳಲ್ಲ. ಆಟ ಆಡಲಾರದವರಿಗೇ ಆಟದ ಉಸ್ತುವಾರಿ ಕೊಡಬೇಕೆಂಬುದು ಹಿರಿಯರ ಘನವಾದ ತೀರ್ಮಾನ. ನಮ್ಮ ಊರುಗಳಲ್ಲಿ ಹೀಗೆಲ್ಲ ನಡೆಯುವುದಿಲ್ಲ ಬಿಡಿ, ಪಾಪ, ಅದು ಕಾಡು.

ಆದರೆ ಚೂಪಕ್ಕನಿಗೆ ಆ ಮರಿಗಳೆಂದರೆ ಪ್ರಾಣ. ಅವಳು ಬೆಳಗಾಗುವ ಮೊದಲೇ ಬಯಲಿಗೆ ಬಂದು ಮುಳ್ಳು ಕಲ್ಲು ಆರಿಸುತ್ತಿದ್ದಳು. ತನ್ನ ಮೈಯಿಂದ ಉದುರಿದ ಮುಳ್ಳುಗಳನ್ನೂ ಆರಿಸುತ್ತಿದ್ದಳು. ಆಮೇಲೆ ಅಪ್ಪ ಅಮ್ಮಂದಿರ ಮೆರವಣಿಗೆ ಶುರುವಾಗುತ್ತಿತ್ತು.

"ಅಕ್ಕಾ, ನಮ್ಮವನನ್ನ ಜಾಸ್ತಿ ಓಡಿಸಬೇಡಿ, ಚಿಪ್ಪು ಸವೆಯುತ್ತೆ," ಎನ್ನುತ್ತಿತ್ತು ಆಮೆ.

"ಮೋಡ ಕಂಡ್ರೆ ನಮ್ಮವನನ್ನ ಬಿಟ್ಟುಬಿಡಿ. ಅವನಿಗೆ ಕುಣಿಯೋದಿರುತ್ತೆ," ಎನ್ನುತ್ತಿತ್ತು ನವಿಲು.

"ಗೋಲು ನಮ್ಮವಳೇ ಹೊಡೀಬೇಕು. ಬೇರೇನೂ ಕೇಳಲ್ಲ ನಾನು," ಎನ್ನುತ್ತಿತ್ತು ಮೊಲ. ಪಾಪ, ಎಷ್ಟು ಸಣ್ಣ ಬೇಡಿಕೆ!

ಇಷ್ಟು ಸಾಲದೆಂಬಂತೆ ಕಾಡಿನ ಯಜಮಾನ ಕಾಡುಕೋಣ ಒಂದು ಮಾತು ಹೇಳಿಟ್ಟಿದ್ದ. "ನೋಡು ಚೂಪಮ್ಮಾ, ಈ ಸುಗ್ಗಿ ಮುಗಿಯೋ ಹೊತ್ತಿಗೆ ನಿನ್ನ ಗುಂಪಲ್ಲಿ ಎರಡು ತಂಡಕ್ಕಾಗೋಷ್ಟು ಮರಿಗಳು ಇರಬೇಕು. ಇಲ್ಲದಿದ್ರೆ ಬಯಲನ್ನ ನಮ್ಮ ಹಿಂಡಿನ ಮೇವಿಗೆ ಬಿಡ್ತೀನಿ. ಸುಮಾರು ಆಡೋರಿಗೆ ಇಷ್ಟು ಒಳ್ಳೆ ಹುಲ್ಲು ಯಾಕೆ?"

ಇನ್ನು ಯಾವ ಮರಿ ಯಾವ ಗುಂಪಿಗೆ ಎಂಬ ಪ್ರಶ್ನೆ. ಹಿಂದೆ ಇದಕ್ಕಾಗಿ ದೊಡ್ಡ ಜಗಳಗಳಾಗಿ, ಕೊಂಬು ಬಾಲಗಳೆಲ್ಲ ಮುರಿದಿದ್ದವು. ಕೊನೆಗೆ ಒಂದು ಕಟ್ಟಳೆ ಬಂತು. ಸುಗ್ಗಿಯ ಮೊದಲ ದಿನ ಹೆತ್ತವರು ಆಲದ ಮರದ ಕೆಳಗೆ ನಿಂತು, ತಮ್ಮ ಮರಿ ಹೇಗೆ ಆಡುತ್ತದೆಂದು ಎಲ್ಲರೆದುರು ಹೇಳಬೇಕು. ಸುಗ್ಗಿ ಮುಗಿಯುವ ತನಕ ಅದೇ ಕೊನೆಯ ಮಾತು. ಸುಳ್ಳು ಹೊಗಳಿ ಪಂಟರ ಗುಂಪಿಗೆ ಸೇರಿಸಿದ ಮರಿ ಅಲ್ಲಿ ಒದೆ ತಿಂದ ಮೇಲೆ ಹೆತ್ತವರಿಗೆ ಬುದ್ಧಿ ಬರುತ್ತದೆಂದು ಹಿರಿಯರ ಲೆಕ್ಕ. ಹೆತ್ತ ಕೂಸನ್ನು ಹೊಗಳಿ ಸುಳ್ಳು ಹೇಳುವವರನ್ನು ಅವರು ಕಂಡಿದ್ದರು. ತೆಗಳಿ ಸುಳ್ಳು ಹೇಳುವವರೂ ಇರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

ನರಿರಾಯನಿಗೆ ಹೊಳೆದಿತ್ತು.

ಅವನ ಮಗ ಚಿಗರ ಚೆಂಡು ಹಿಡಿದರೆ ಜಿಂಕೆಯೂ ಬೆನ್ನಟ್ಟಲಾರದು. ಆದರೆ ಪಂಟರ ಗುಂಪಿನಲ್ಲಿ ಕೆನ್ನಾಯಿ ಮರಿಗಳಿದ್ದವು, ಚಿರತೆ ಮರಿಗಳಿದ್ದವು. ಅಲ್ಲಿ ಚಿಗರ ಹತ್ತರಲ್ಲಿ ಹನ್ನೊಂದನೆಯವನು. ನರಿರಾಯ ಮೀಸೆ ತಿರುವಿ ಯೋಚಿಸಿದ. ಹಾಳೂರಿಗೆ ಉಳಿದವನೇ ಗೌಡ ಅಲ್ಲವೇ? ಆಲದ ಮರದ ಕೆಳಗೆ ನಿಂತು, ಮುಖ ಬಾಡಿಸಿಕೊಂಡು ಹೇಳಿದ.

"ನಮ್ಮ ಹುಡುಗ ಸುಮಾರು ಆಡ್ತಾನೆ."

"ಸುಮಾರಾ?" ಚೂಪಕ್ಕ ಕೇಳಿದಳು.

"ಸುಮಾರೇ ಅಕ್ಕಾ. ಎಲ್ಲ ದೇವರಿಚ್ಛೆ," ಎಂದು ನರಿರಾಯ ಕಣ್ಣೊರೆಸಿಕೊಂಡ. ಎಂಥ ವಿನಯವಂತ ಅಪ್ಪ ಎಂದು ನವಿಲೂ ಕಣ್ಣೊರೆಸಿಕೊಂಡಿತು.

ಮೊದಲ ಆಟದಲ್ಲಿ ಚಿಗರ ಗೋಲು ಹೊಡೆದ. ಮತ್ತೆ ಹೊಡೆದ. ಮತ್ತೆ ಮತ್ತೆ ಹೊಡೆದ. ಉಳಿದ ಮರಿಗಳು ಚೆಂಡು ಹೋಗುವುದನ್ನೂ ಬರುವುದನ್ನೂ ನೋಡಿ ಕತ್ತು ನೋಯಿಸಿಕೊಂಡವು. ಪ್ರತಿ ಆಟಕ್ಕೂ ಗೆದ್ದವನಿಗೆ ಮುತ್ತುಗದ ಹೂವಿನ ಹಾರ. ಚಿಗರನ ಕುತ್ತಿಗೆಯಲ್ಲಿ ಜಾಗ ಸಾಲದೆ ನರಿರಾಯನೂ ಕೆಲವನ್ನು ಹಾಕಿಕೊಂಡು ಕಾಡೆಲ್ಲ ತಿರುಗಿದ. "ಸುಮಾರು ಆಡೋನೇ ಹೀಗೆ ಹೊಡೀತಾನೆ, ಇನ್ನು ಚೆನ್ನಾಗಿ ಆಡಿದ್ರೆ ಏನು ಗತಿ!" ಎಂದು ಎಲ್ಲರ ಮುಂದೆ ಹಲ್ಲು ಕಿರಿದ.

ಒಂದೊಂದೇ ಮರಿ ಬಯಲಿಗೆ ಬರುವುದು ನಿಂತಿತು. ಆಮೆಮರಿಗೆ ಕಾಲುನೋವು ಬಂತು. ನವಿಲಮರಿಗೆ ಮೋಡವಿಲ್ಲದ ದಿನವೂ ಕುಣಿಯುವುದಿತ್ತು. ಮೊಲದ ಮರಿ ಬೆಳ್ಳಿ ಮಾತ್ರ ನಿಜ ಹೇಳಿದಳು. "ಚೂಪತ್ತೆ, ನಾನು ಒದ್ರೆ ಚೆಂಡು ಎಲ್ಲಿಗಾದ್ರೂ ಹೋಗ್ತಿತ್ತು. ಈಗ ಒದೆಯೋಕೇ ಸಿಗಲ್ಲ."

ಬಯಲಿನ ಅಂಚಿನಲ್ಲಿ ಕಾಡುಕೋಣನ ಹಿಂಡು ಆಗಲೇ ನಾಲಿಗೆ ಚಪ್ಪರಿಸುತ್ತಿತ್ತು. ಚೂಪಕ್ಕ ನೇರವಾಗಿ ನರಿಯ ಗುಹೆಗೆ ಹೋದಳು.

"ಅಣ್ಣಾ, ಚಿಗರನನ್ನ ಪಂಟರ ಗುಂಪಿಗೆ ಕಳಿಸು. ನನ್ನ ಮರಿಗಳು ಆಟಾನೇ ಬಿಡ್ತಿದಾವೆ."

"ಅಯ್ಯೋ, ಏನು ಮಾತಕ್ಕಾ! ಅವನು ಸುಮಾರು. ಆಲದ ಮರದ ಕೆಳಗೆ ಹೇಳಿದ ಮಾತು ಬದಲಿಸೋದಾ? ಕಟ್ಟಳೆ ಅಂದ್ರೆ ಕಟ್ಟಳೆ." ನರಿರಾಯ ಹಾರವನ್ನು ಸರಿಮಾಡಿಕೊಂಡ. ಕಟ್ಟಳೆಯ ಮೇಲೆ ಅವನಿಗೆ ಹುಟ್ಟಿದ ಗೌರವ ಕಂಡು ಚೂಪಕ್ಕನ ಮುಳ್ಳುಗಳು ನಿಗುರಿ ನಿಂತವು. ಚುಚ್ಚಲಿಲ್ಲ, ಅಷ್ಟೇ.

ಸುಗ್ಗಿ ಮುಗಿಯುತ್ತ ಬಂತು. ಕೊನೆಯ ಆಟದ ದಿನ ಹೊಳೆಯಾಚೆಯ ಕಾಡಿನಿಂದ ಆಟಕ್ಕೆ ಕರೆ ಬಂತು. ಪಂಟರ ಗುಂಪಿನ ಗುರು ಚಿರತೆ ಮಾಸ್ತರು ತಂಡ ಕಟ್ಟಲು ಹೊರಟಿದ್ದರು. ಅವರು ಸುಮಾರು ಗುಂಪಿನ ಬಯಲಿಗೂ ಬಂದು ಆಲದ ನೆರಳಲ್ಲಿ ಕೂತರು. ಚಿಗರ ಚೆಂಡು ಹಿಡಿದು ಹೊರಟ. ಮಾಸ್ತರರ ಬಾಲ ನೆಟ್ಟಗಾಯಿತು.

"ಇವನು ಯಾರ ಮಗ?"

"ನನ್ನ ಮಗ ಸ್ವಾಮೀ!" ನರಿರಾಯ ಹಾರಗಳ ಸಮೇತ ಜಿಗಿದು ಬಂದ. "ಹೊಳೆಯಾಚೆಗೆ ಕರ್ಕೊಂಡು ಹೋಗಿ. ಇಂಥ ಆಟಗಾರ ಏಳು ಕಾಡಲ್ಲಿ ಹುಡುಕಿದ್ರೂ ಸಿಗಲ್ಲ!"

"ಪಂಟರನ್ನ ಮಾತ್ರ ಕರ್ಕೊಂಡು ಹೋಗೋದು. ಇವನ ಬಗ್ಗೆ ಮರದ ಕೆಳಗೆ ಏನು ಹೇಳಿದ್ರಿ?"

ಬಯಲೆಲ್ಲ ಒಟ್ಟಿಗೆ ಕೂಗಿತು. "ಸುಮಾರು!"

ಆದರೆ ನರಿ ಎಂದರೆ ಸುಮ್ಮನೆಯೇ? "ಸ್ವಾಮೀ, ಸುಮಾರು ಅಂದ್ರೆ ಬಹಳ ಅಂತಾನೂ ಅರ್ಥ ಇದೆ! ಮದುವೆಗೆ ಸುಮಾರು ಜನ ಬಂದಿದ್ರು ಅಂತೀವಲ್ಲ, ಊಟ ಸಾಲದೇ ಹೋಗೋಷ್ಟು ಬಂದಿದ್ರು ಅಂತ ತಾನೆ? ನಾನು ಹೇಳಿದ್ದು ಆ ಸುಮಾರು."

ಹಿರಿಯರು ಮುಖ ಮುಖ ನೋಡಿಕೊಂಡರು. ಮಾತು ಸರಿಯಾಗಿಯೇ ಇತ್ತು. ಆಗ ಚೂಪಕ್ಕ ಎದ್ದು ನಿಂತಳು. ಎಲ್ಲರೂ ಚೆಂಡನ್ನು ದೂರ ಸರಿಸಿದರು.

"ಆಯ್ತಣ್ಣಾ, ಒಪ್ಪಿದೆ. ಬಹಳ ಅನ್ನೋ ಸುಮಾರಾದ್ರೆ, ನಿನ್ನ ಮಗ ಮೊದಲ ದಿನದಿಂದ ನನ್ನ ಗುಂಪಿನವನೇ ಅಲ್ಲ. ಹೊಡೆದ ಗೋಲೆಲ್ಲ ವಜಾ, ಹಾರ ಎಲ್ಲ ವಾಪಸ್, ಬೇಕಂತಲೇ ದಾರಿ ತಪ್ಪಿಸಿದ್ದಕ್ಕೆ ಶಿಕ್ಷೆ. ಅಷ್ಟಕ್ಕಷ್ಟೆ ಅನ್ನೋ ಸುಮಾರಾದ್ರೆ, ಹಾರ ನಿನಗೇ ಇರಲಿ, ಮಗ ಹೊಳೆ ದಾಟೋ ಹಾಗಿಲ್ಲ. ಯಾವ ಸುಮಾರು, ನೀನೇ ಹೇಳಿಬಿಡು."

ನರಿರಾಯ ಹಾರ ನೋಡಿದ, ಮಾಸ್ತರರನ್ನು ನೋಡಿದ. ಎರಡೂ ಬೇಕಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಅವನು ಅತ್ತಿತ್ತ ಒದ್ದಾಡುವಾಗ ಚಿಗರ ಮೆಲ್ಲಗೆ ಬಂದು ಅಪ್ಪನ ಮುಂದೆ ನಿಂತ.

"ಅಪ್ಪಾ, ನಾನು ನಿಜವಾಗ್ಲೂ ಸುಮಾರಾ?"

ಇಡೀ ಸುಗ್ಗಿ ಅಪ್ಪನ ಬಾಯಲ್ಲಿ ಅದನ್ನೇ ಕೇಳಿದ ಮರಿ ಅದು. ಕಾಡೆಲ್ಲ ಅದನ್ನು ತಮಾಷೆಯೆಂದುಕೊಂಡಿತ್ತು, ಮರಿ ನಂಬಿತ್ತು. ಚೂಪಕ್ಕನ ಕಣ್ಣು ತುಂಬಿಬಂತು. ನರಿರಾಯನ ಬಾಲ ಕೆಳಗಿಳಿಯಿತು.

"ಇಲ್ಲ ಮಗಾ. ನೀನು ಚೆನ್ನಾಗಿ ಆಡ್ತೀಯ. ಸುಳ್ಳು ಹೇಳಿದ್ದು ನಾನು," ಎಂದು ಅವನು ಹಾರಗಳನ್ನು ಒಂದೊಂದಾಗಿ ತೆಗೆದಿಟ್ಟ.

ಗೋಲುಗಳೆಲ್ಲ ವಜಾ ಆದವು. ಲೆಕ್ಕ ಹಾಕಿದರೆ ಇಡೀ ಸುಗ್ಗಿಯಲ್ಲಿ ಸುಮಾರು ಗುಂಪಿನವರು ಹೊಡೆದದ್ದು ಸೊನ್ನೆ. ಸೊನ್ನೆಯಲ್ಲಿ ಎಲ್ಲರೂ ಸಮ! ಆ ಸುದ್ದಿ ಕೇಳಿದ್ದೇ ತಡ, ಆಮೆಮರಿಯ ಕಾಲುನೋವು ಮಾಯವಾಯಿತು, ನವಿಲಮರಿ ಕುಣಿಯುವುದನ್ನು ಬಿಟ್ಟು ಓಡಿಬಂತು. ಸಂಜೆಯ ಹೊತ್ತಿಗೆ ಎರಡು ತಂಡ ತುಂಬಿ ಮಿಕ್ಕಿತು. ಕಾಡುಕೋಣನ ಹಿಂಡು ಗೊಣಗುತ್ತ ಬೇರೆ ಹುಲ್ಲು ಹುಡುಕಿಕೊಂಡು ಹೋಯಿತು. ಬೆಳ್ಳಿ ಚೆಂಡನ್ನು ಜೋರಾಗಿ ಒದ್ದಳು. ಅದು ಗೋಲಿನ ಕಡೆ ಬಿಟ್ಟು ನೇರ ಚೂಪಕ್ಕನ ಕಡೆ ಉರುಳಿತು. ಚೂಪಕ್ಕ ಜೀವ ಹಿಡಿದುಕೊಂಡು ಓಡಿದಳು.

ಚಿಗರ ಪಂಟರ ತಂಡ ಸೇರಿ ಹೊಳೆಯಾಚೆ ಹೋದ. ಅಲ್ಲಿ ಕೆನ್ನಾಯಿ ಮರಿಗಳ ನಡುವೆ ಬಿದ್ದು ಮಣ್ಣು ಮುಕ್ಕಿದ. ಅವನಿಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ನರಿರಾಯನಿಗೆ ಏನು ಶಿಕ್ಷೆ? ಹಲ್ಲು ಕೀಳಿಸೋಣ ಎಂದರು ಕೆಲವರು. ಕಾಡು ಬಿಡಿಸೋಣ ಎಂದರು ಕೆಲವರು. "ಅದೆಲ್ಲ ಸಣ್ಣ ಶಿಕ್ಷೆ. ನನ್ನ ಕೈಕೆಳಗೆ ಸಹಾಯಕ ಉಸ್ತುವಾರಿ ಮಾಡಿ. ಹೆತ್ತವರ ಮಾತು ಇನ್ನು ಅವನೇ ಕೇಳಲಿ," ಎಂದಳು ಚೂಪಕ್ಕ. ಕರುಣಾಳುಗಳಾದ ಕೆಲವು ಪ್ರಾಣಿಗಳು ಇದು ಅತಿಯಾಯಿತು ಎಂದವು.

ಮುಂದಿನ ಸುಗ್ಗಿಯ ಮೊದಲ ದಿನ ನರಿರಾಯ ಆಲದ ಮರದ ಕೆಳಗೆ ಕೂತಿದ್ದ. ಪುನುಗು ಬೆಕ್ಕೊಂದು ಮಗಳನ್ನು ಕರೆದುಕೊಂಡು ಬಂತು. ಮುಖ ಬಾಡಿಸಿಕೊಂಡು, ಕಣ್ಣೊರೆಸಿಕೊಂಡು ಹೇಳಿತು.

"ನಮ್ಮವಳು ಸುಮಾರು ಆಡ್ತಾಳೆ ಅಣ್ಣಾ."

ನರಿರಾಯ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಯಾವ ಸುಮಾರು, ತಾಯೀ?"

ನೀತಿ: ಮೆರೆಯುವ ಆಸೆಗೆ ಮಕ್ಕಳನ್ನು ಕೀಳುಮಾಡಿ ಹೇಳಬೇಡಿ; ಊರು ಆ ಮಾತನ್ನು ನಂಬದಿದ್ದರೂ ಮಕ್ಕಳು ನಂಬುತ್ತಾರೆ.