ಲಾಭ, ಎರಡು, ಮೂರು

‘ಗುರುಗಳೇ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬೇಕೆಂದು ನಿಶ್ಚಯಿಸಿದ್ದೇನೆ. ಗಣಿತಕ್ಕೆ ಯಾವ ಪುಸ್ತಕ ಹಿಡಿಯಲಿ?’

ಕೇಳಿದವನು ಚೆನ್ನವೀರ, ಗುರುಗಳ ಬಳಿ ಬಹಳ ಕಾಲದಿಂದ ಬಂದುಹೋಗುತ್ತಿದ್ದ ಗೃಹಸ್ಥ ಶಿಷ್ಯ. ಅವನು ಚೀಲದಿಂದ ಪುಸ್ತಕಗಳನ್ನು ತೆಗೆದು ಚಾಪೆಯ ಮೇಲೆ ಹರವಿದ. ಒಂದು ಮಗ್ಗಿಯಿಂದ ಆರಂಭವಾಗುತ್ತಿತ್ತು, ಒಂದು ಚಿತ್ರಗಳಿಂದ, ಮತ್ತೊಂದು ಮಣಿ ಪೋಣಿಸುವುದರಿಂದ.

‘ತಪ್ಪು ಪುಸ್ತಕ ಆರಿಸಿದರೆ ಬುನಾದಿಯೇ ಕೆಟ್ಟೀತು. ಆಗ ಯಾರನ್ನು ದೂರಲಿ? ಕಲಿಸುವವನು ನಾನೇ. ಆ ಭಯದಲ್ಲಿ ಅನ್ನ ರುಚಿಸುತ್ತಿಲ್ಲ.’

ಗುರುಗಳು ಪುಸ್ತಕಗಳನ್ನು ಮುಟ್ಟಲಿಲ್ಲ. ‘ಅಂಗಡಿಯನ್ನೇ ಹೊತ್ತು ತಂದಿದ್ದೀಯಲ್ಲಪ್ಪ. ಕೂತುಕೋ’ ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಊರಿನ ಶಾಲೆಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಮಗಳಿಗೆ ತಾನೇ ಕಲಿಸುತ್ತೇನೆಂದು ಹೊರಟ. ಗಣಿತದ ಪುಸ್ತಕಕ್ಕಾಗಿ ಅವನು ಅಲೆಯದ ಊರಿಲ್ಲ, ಕೇಳದ ಪಂಡಿತರಿಲ್ಲ. ಬೀಗರನ್ನು ಆರಿಸುವಾಗಲೂ ಜನ ಅಷ್ಟು ವಿಚಾರಿಸುವುದಿಲ್ಲ. ಕೊನೆಗೆ ಎಲ್ಲರೂ ಒಳ್ಳೆಯದೆಂದ ಪುಸ್ತಕವನ್ನೇ ತಂದ.

ಬೆಳಿಗ್ಗೆ ಪಾಠ. ಹುಡುಗಿ ಚುರುಕು, ಹೇಳಿಕೊಟ್ಟದ್ದನ್ನು ತಡವರಿಸದೆ ಒಪ್ಪಿಸುತ್ತಿದ್ದಳು. ಪಾಠ ಮುಗಿದ ಮೇಲೆ ಅಪ್ಪನ ಜೊತೆ ಉಗ್ರಾಣಕ್ಕೆ ಹೋಗಿ ಮೂಟೆಯ ಮೇಲೆ ಕೂರುತ್ತಿದ್ದಳು. ಅವನು ಕಾಳು ಅಳೆಯುತ್ತಿದ್ದ. ಕಾಳು ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿ ಹೆಚ್ಚಲಿ ಎಂಬ ಹಾರೈಕೆ ಅದು. ಅದರಲ್ಲಿ ಕೆಡುಕೇನೂ ಇಲ್ಲ. ಇವನೂ ಹಾಗೇ ಎಣಿಸುತ್ತಿದ್ದ: ಲಾಭ, ಎರಡು, ಮೂರು. ಮಗಳು ಕೇಳುತ್ತಿದ್ದಳು. ಅದನ್ನು ಅವನು ಪಾಠವೆಂದು ತಿಳಿಯಲಿಲ್ಲ.

ಆ ವರ್ಷ ಊರಿಗೆ ಸಾಂಕ್ರಾಮಿಕ ರೋಗ ಬಂತು. ಒಂದು ದಿನ ಅವರ ಕೇರಿಯೊಂದರಿಂದಲೇ ಮೂರು ಚಟ್ಟಗಳು ಹೊರಟವು. ಎಲ್ಲಕ್ಕೂ ಮುಂದೆ ಹೋದದ್ದು ನೆರೆಮನೆಯವಳ ಗಂಡನದು. ಆಕೆ ಎಳೆಯ ಪ್ರಾಯದವಳು. ತಾಯಿಯಿಲ್ಲದ ಈ ಹುಡುಗಿಗೆ ತಲೆ ಬಾಚಿ ಜಡೆ ಹಾಕುತ್ತಿದ್ದವಳೂ ಅವಳೇ. ಬಾಗಿಲ ಕಂಬ ಹಿಡಿದು ಎದೆ ಬಿರಿಯುವಂತೆ ಅಳುತ್ತಿದ್ದಳು.

ಹುಡುಗಿ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದಳು. ಮೊದಲ ಚಟ್ಟ ಎದುರಿಗೆ ಬಂದಾಗ ಬೆರಳು ತೋರಿಸಿ ಎಣಿಸಿದಳು.

‘ಲಾಭ.’

ನೆರೆಮನೆಯವಳ ಅಳು ನಿಂತಿತು. ಇನ್ನೊಂದು ಚಟ್ಟ ಬಂತು. ಎರಡು. ಮತ್ತೊಂದು ಬಂತು. ಮೂರು. ಮಗು ಸ್ಪಷ್ಟವಾಗಿ ಎಣಿಸಿತು. ಆಕೆ ಮೆಲ್ಲಗೆ ನಡೆದುಬಂದು ಅದರ ಮುಂದೆ ನಿಂತಳು.

‘ಯಾರಿಗೆ ಲಾಭ ಆಯ್ತು, ಮಗಾ?’

‘ಗೊತ್ತಿಲ್ಲ ಅತ್ತೆ. ಅಪ್ಪ ಹೀಗೇ ಎಣಿಸೋದು.’

ವ್ಯಾಪಾರಿ ಹೊಸ್ತಿಲಲ್ಲೇ ಇದ್ದ. ಆಕೆ ಅವನ ಮುಖವನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಮಗಳನ್ನು ಹೊಡೆಯಲು ಕೈ ಎತ್ತಿದ.

ಹುಡುಗಿ ಹೆದರಿ ಕೇಳಿದಳು: ‘ತಪ್ಪಾಯ್ತಾ ಅಪ್ಪಾ? ಮೂರೇ ಅಲ್ವಾ ಹೋಗಿದ್ದು?’

ಹೋದದ್ದು ಮೂರೇ. ಅವನು ಎತ್ತಿದ ಕೈ ಇಳಿಸಿದ. ಮಗಳನ್ನು ಎದೆಗೊತ್ತಿಕೊಂಡು, ಆ ಮುಚ್ಚಿದ ಬಾಗಿಲಿನ ಕಡೆ ನೋಡಲಾರದೆ, ಜಗಲಿಯ ಮೇಲೇ ಕುಸಿದು ಅತ್ತ. ಆ ಬಾಗಿಲು ಅವರ ಪಾಲಿಗೆ ಮತ್ತೆ ತೆರೆಯಲಿಲ್ಲ. ಅಂದಿನಿಂದ ಹುಡುಗಿಯ ತಲೆ ಬಾಚುವವರೂ ಇಲ್ಲವಾದರು. ತಾನು ಮಾಡಿದ್ದೇನೆಂದು ಅದಕ್ಕೆ ತಿಳಿಯಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಸಂಕಟವಾಯಿತು. ತನ್ನ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಅವನು ತಗ್ಗಿದ ದನಿಯಲ್ಲಿ ಹೇಳಿದ: ‘ಅವನು ಅಷ್ಟು ಅಲೆದೂ ಸರಿಯಾದ ಪುಸ್ತಕ ತರಲಿಲ್ಲವೇನೋ, ಗುರುಗಳೇ.’

ಗುರುಗಳು ಹೇಳಿದರು: ‘ಪುಸ್ತಕದಲ್ಲಿ ಒಂದು ಎಂದೇ ಇತ್ತು.’